ನಡುವೆ ನಿಲ್ಲದ ಸ್ವಿಚ್ಚು

ಮನೆಯಿಂದ,
ಮಹಡಿಯ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಶನಿವಾರ ಬೆಳಿಗ್ಗೆ

ಪ್ರೀತಿಯ ಪಿಟೀಲು,

ಹೇಗಿದ್ದೀಯ ಮಗಳೇ? ನೆಗಡಿ ಹೋಯಿತೇ, ಇಲ್ಲ ಇನ್ನೂ ಮೂಗು ಸೊರ ಸೊರ ಎನ್ನುತ್ತಿದೆಯೇ? ಹಾಸ್ಟೆಲಿನಲ್ಲಿ ಹೊದಿಕೆ ಸಾಲುತ್ತಿದೆ ತಾನೇ? ಸಾಲದಿದ್ದರೆ ಬಾಯಿಬಿಟ್ಟು ಕೇಳು, ಸಂಕೋಚಪಟ್ಟುಕೊಂಡು ಮುದುಡಿ ಮಲಗಬೇಡ. ಬೆರಳಲ್ಲಿ ಓದುವ ಚುಕ್ಕಿ ಅಕ್ಷರದ ಪಾಠ ಎಲ್ಲಿಗೆ ಬಂತು? ನಿನ್ನ ಅಜ್ಜಿಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ನಿನ್ನಮ್ಮನಿಗೆ ಆಸ್ಪತ್ರೆಯಲ್ಲಿ ಈ ವಾರ ಹಗಲು ಪಾಳಿ, ಹಾಗಾಗಿ ಹಗಲಿನಲ್ಲಿ ನನ್ನನ್ನು ಗದರುವವರು ಒಬ್ಬರು ಕಡಿಮೆ. ನಿನ್ನಪ್ಪ ಬಸ್ಸು ಓಡಿಸಿ ಬಂದವನೇ ಸೋಫಾದ ಮೇಲೆ ಬಿದ್ದು ಗೊರಕೆ ಹೊಡೆಯುತ್ತಾನೆ. 'ಕೊನೇ ಸ್ಟಾಪು, ಎಲ್ಲಾ ಇಳೀರಿ' ಎಂದು ಕಿವಿಯ ಹತ್ತಿರ ಕೂಗಿದರೆ ಮಾತ್ರ ಎದ್ದು ಊಟಕ್ಕೆ ಬರುತ್ತಾನೆ. ನಾನು ಚೆನ್ನಾಗಿದ್ದೇನೆ. ಬೆನ್ನು ಸ್ವಲ್ಪ ಹಿಡಿದುಕೊಂಡಿದೆ, ಯಾಕೆಂದು ಮುಂದೆ ಹೇಳುತ್ತೇನೆ.

ಈ ಪತ್ರ ಓದಿ ಹೇಳುತ್ತಿರುವ ಹಾಸ್ಟೆಲಿನ ಮೇಡಂ ಅವರಿಗೆ ನಮಸ್ಕಾರ. ಮೇಡಂ, ಹೋದ ಸಲ ನನ್ನ ಅಕ್ಷರ ನೋಡಿ ಕೋಳಿ ಕೆದಕಿದ ಹಾಗಿದೆ ಎಂದಿರಂತೆ. ಅದಕ್ಕೇ ಈ ಸಲ ಗೆರೆ ಎಳೆದ ಹಾಳೆ ತಂದು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ಫೋನಿನಲ್ಲಿ ನಮ್ಮ ಪಿಟೀಲು ಹ್ಞೂಂ, ಉಹ್ಞೂಂ ಬಿಟ್ಟು ಮೂರನೆಯ ಮಾತಾಡುವುದಿಲ್ಲ. ನಾನು ಮುಖ್ಯ ವಿಷಯಕ್ಕೆ ಬರುವಷ್ಟರಲ್ಲಿ 'ಸರಿ ತಾತಾ, ಊಟಕ್ಕೆ ಬೆಲ್ ಆಯ್ತು' ಎಂದು ಇಟ್ಟುಬಿಡುತ್ತಾಳೆ. ಯಾವ ಹೊತ್ತಿನಲ್ಲಿ ಮಾಡಿದರೂ ಅವಳಿಗೆ ಊಟದ ಬೆಲ್ಲೇ ಆಗುತ್ತಿರುತ್ತದೆ. ಪತ್ರವಾದರೆ ನೀವು ಓದಿ ಮುಗಿಸುವವರೆಗೆ ಎದ್ದು ಹೋಗುವಂತಿಲ್ಲ. ಪಿಟೀಲು ಎನ್ನುವ ಹೆಸರು ಯಾಕೆ ಬಂತು ಎಂದು ಮಾತ್ರ ಅವಳನ್ನು ಕೇಳಬೇಡಿ, ಮುಖ ಊದಿಸಿಕೊಳ್ಳುತ್ತಾಳೆ. ತೊಟ್ಟಿಲಲ್ಲಿದ್ದಾಗ ಅವಳು ಅಳುತ್ತಿದ್ದ ಶ್ರುತಿ ಕೇಳಿ ನಾನೇ ಇಟ್ಟದ್ದು. ಈಗ ಹದಿನೈದು ತುಂಬಿದರೂ ನನ್ನ ನಾಲಿಗೆಗೆ ಬೇರೆ ಹೆಸರು ಬರುವುದಿಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ಹೋದ ವಾರ ನೀನು ನಿನ್ನಮ್ಮನ ಹತ್ತಿರ ಹೇಳಿದ್ದೆಲ್ಲ ನನ್ನ ಕಿವಿಗೂ ಬಿತ್ತು. ಈ ರಜಕ್ಕೆ ಮನೆಗೆ ಬರುವುದಿಲ್ಲ, ಹಾಸ್ಟೆಲಿನಲ್ಲೇ ಇರುತ್ತೇನೆ, ಬಂದರೂ ಅಲ್ಲಿ ನಾನು ಮಾಡುವುದೇನಿದೆ, ರೈಲಿನ ಟೇಬಲ್ಲು ಅಜ್ಜಿಗೆ ಕೊಟ್ಟುಬಿಡಿ, ಬಟ್ಟೆ ಕತ್ತರಿಸುವುದಕ್ಕೆ ಆಗುತ್ತದೆ ಎಂದೆಯಂತೆ. ನಿನ್ನ ಅಜ್ಜಿ ಎಷ್ಟೋ ವರ್ಷದಿಂದ ಆ ಟೇಬಲ್ಲಿನ ಮೇಲೆ ಕಣ್ಣಿಟ್ಟವಳು. ಒಂದು ಕೋಟಿನ ಬೆನ್ನುಭಾಗ ಹರಡಿದರೆ ತೋಳಿಗೆ ಜಾಗವಿಲ್ಲ ಎಂದು ದಿನಾ ಗೊಣಗುವವಳು. ಕೊರಳಲ್ಲಿದ್ದ ಟೇಪು ತೆಗೆದು ಟೇಬಲ್ಲಿನ ಉದ್ದ ಅಳೆದಳು, ಅಗಲ ಅಳೆದಳು, ಆಮೇಲೆ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, 'ನಂಗೇನೂ ಬೇಡಪ್ಪ ಇದು' ಎಂದು ಹೇಳಿ ಹೊಲಿಗೆ ಮಿಷನ್ನಿನ ಮುಂದೆ ಕೂತಳು. ಆ ದಿನ ಅವಳು ಹೊಲಿದದ್ದನ್ನೆಲ್ಲ ಮರುದಿನ ಬಿಚ್ಚಿ ಮತ್ತೆ ಹೊಲಿದಳು.

ನಿನ್ನಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮಾತು ತೆಗೆದುಕೊಂಡಿದ್ದಾಳೆ. 'ಮಾವ, ರಜಕ್ಕೆ ಬಾ ಬಾ ಅಂತ ನೀವು ಅವಳ ತಲೆ ತಿನ್ನಬಾರದು. ಬರೋದು ಬಿಡೋದು ಅವಳಿಷ್ಟ. ನಮ್ಮ ಸಮಾಧಾನಕ್ಕೆ ಅವಳು ಬರೋದು ಬೇಡ' ಎಂದಳು. ಅವಳ ಕಣ್ಣು ಕೆಂಪಾಗಿತ್ತು, ಆದರೂ ಗಟ್ಟಿಯಾಗಿಯೇ ಹೇಳಿದಳು. ದಿನವಿಡೀ ರೋಗಿಗಳನ್ನು ನೋಡಿಕೊಳ್ಳುವವಳು, ಯಾರನ್ನು ಎಲ್ಲಿ ಸುಮ್ಮನೆ ಬಿಡಬೇಕು ಎಂದು ಅವಳಿಗೆ ಗೊತ್ತು. ನಾನು ಸರಿಯಮ್ಮಾ ಎಂದಿದ್ದೇನೆ. ಹಾಗಾಗಿ ಈ ಪತ್ರದಲ್ಲಿ ರಜದ ಮಾತು ಇಲ್ಲಿಗೆ ಮುಗಿಯಿತು. ಇನ್ನು ಮುಂದೆ ಬರೀ ಸ್ವಿಚ್ಚಿನ ವಿಷಯ.

ಮೇಡಂ, ನಿಮಗೆ ಅರ್ಥವಾಗಲಿ ಎಂದು ಸ್ವಲ್ಪ ಹಿಂದಿನದು ಹೇಳುತ್ತೇನೆ. ಪಿಟೀಲು, ನೀನು ಅಲ್ಲಿಯವರೆಗೆ ಆಕಳಿಸು. ನಮ್ಮ ಹಿಂದಿನ ಕೋಣೆಯ ಅರ್ಧ ಅವಳ ಅಜ್ಜಿಯ ಹೊಲಿಗೆ ಅಂಗಡಿ, ಉಳಿದರ್ಧ ನಮ್ಮಿಬ್ಬರ ರೈಲ್ವೆ. ಆಟಿಕೆ ರೈಲು ಎಂದು ಯಾರಾದರೂ ಅಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಆಟಿಕೆಯನ್ನು ಅಂಗಡಿಯಿಂದ ತಂದು ಮುರಿಯುತ್ತಾರೆ. ಇದನ್ನು ಅವಳು ಏಳು ವರ್ಷದವಳಿದ್ದಾಗಿನಿಂದ ನಾವು ಕೂತು ಕಟ್ಟಿದ್ದೇವೆ. ಟೇಬಲ್ಲಿನ ಸುತ್ತ ಒಂದು ದೊಡ್ಡ ಹಳಿ. ಅದರಿಂದ ಒಂದು ಕವಲು ನಿಲ್ದಾಣಕ್ಕೆ, ಒಂದು ಸುರಂಗಕ್ಕೆ, ಮತ್ತೆರಡು ಗೂಡ್ಸ್ ಗಾಡಿ ನಿಲ್ಲುವ ಅಂಗಳಕ್ಕೆ. ಹಳಿ ಹೀಗೆ ಎರಡಾಗಿ ಒಡೆಯುವ ಜಾಗಕ್ಕೆ ಪಾಯಿಂಟ್ ಎನ್ನುತ್ತೇವೆ. ಅಲ್ಲಿ ನಾಲಗೆಯಂಥ ಎರಡು ಪುಟ್ಟ ಹಳಿತುಂಡು ಈ ಕಡೆಯಿಂದ ಆ ಕಡೆಗೆ ಸರಿದರೆ ರೈಲಿನ ದಾರಿ ಬದಲಾಗುತ್ತದೆ. ಸರಿಸುವುದು ಟೇಬಲ್ಲಿನ ಅಡಿಯಲ್ಲಿರುವ ಮೋಟರು. ಅದರೊಳಗೆ ತಂತಿ ಸುತ್ತಿದ ಎರಡು ಕಾಯಿಲ್, ಒಂದು ಆ ಕಡೆ ಎಳೆಯಲು, ಒಂದು ಈ ಕಡೆ ಎಳೆಯಲು. ಒಂದೊಂದಕ್ಕೂ ಒಂದು ಬಟನ್, ದಾರಿ ಯಾವ ಕಡೆಗಿದೆ ಎಂದು ತೋರಿಸಲು ಕೆಂಪು ಹಸಿರು ದೀಪ. ನಾನು ಡ್ರೈವರು, ಅವಳು ಪಾಯಿಂಟ್ ಮೇಡಂ. ಅವಳ ಅಪ್ಪಣೆಯಿಲ್ಲದೆ ಒಂದು ಡಬ್ಬಿ ಅಲುಗಾಡುತ್ತಿರಲಿಲ್ಲ.

ಹೋದ ರಜದಲ್ಲಿ ಏನಾಯಿತು ಎಂಬುದು ನಿನಗೂ ನನಗೂ ಗೊತ್ತು. ಅದಕ್ಕೂ ಹಿಂದಿನ ರಜದಲ್ಲಿ ಹತ್ತಿರ ಬಗ್ಗಿದರೆ ನಿನಗೆ ಆ ದೀಪಗಳು ಕಾಣುತ್ತಿದ್ದವು. ಹೋದ ಸಲ ಕಾಣಲಿಲ್ಲ. ಬೆಳಕಿದೆ ಎಂದು ತಿಳಿಯುತ್ತಿತ್ತು, ಕೆಂಪೋ ಹಸಿರೋ ತಿಳಿಯುತ್ತಿರಲಿಲ್ಲ. ಪ್ರತಿ ಪಾಯಿಂಟಿಗೂ 'ಯಾವ ಕಡೆ ಇದೆ ತಾತಾ?' ಎಂದು ಕೇಳಿದೆ. ನಾನು ಹೇಳಿದೆ. ಮತ್ತೆ ಕೇಳಿದೆ, ಮತ್ತೆ ಹೇಳಿದೆ. ಆಮೇಲೆ ನೀನು ಬಟನ್ ಹಲಗೆಯ ಮೇಲಿಂದ ಕೈ ತೆಗೆದು, 'ಪ್ರತಿ ಸಲ ಕೇಳ್ಕೊಂಡು ಮಾಡೋದಾದ್ರೆ ಮಾಡೋದು ನೀವೇ ಅಲ್ವಾ' ಎಂದು ಎದ್ದು ಹೋದೆ. ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನಿನ್ನ ಮಾತಿನಲ್ಲಿ ತಪ್ಪು ಹುಡುಕಲು ನಾನು ಬಹಳ ದಿನ ಪ್ರಯತ್ನಪಟ್ಟೆ, ಸಿಗಲಿಲ್ಲ.

ಆಗ ನನಗೆ ನನ್ನ ಕಸುಬು ನೆನಪಾಯಿತು. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವನು ನಾನು. ಲಿಫ್ಟಿನ ಮುಂದೆ ನಿಂತ ಜನ ಬಟನ್ನನ್ನು ಒಂದು ಸಲ ಒತ್ತಿ ಬಿಡುವುದನ್ನು ನಾನು ನೋಡಿಯೇ ಇಲ್ಲ. ಒತ್ತುತ್ತಾರೆ, ಒತ್ತುತ್ತಾರೆ, ಹಿಂದಿನಿಂದ ಬಂದವನು ಮುಂದೆ ನಿಂತವನನ್ನು ನಂಬದೆ ತಾನೂ ಒತ್ತುತ್ತಾನೆ. ಯಾಕೆ? ಬಟನ್ನಿಗೆ ನೆನಪಿಲ್ಲ. ಒತ್ತಿ ಬೆರಳು ತೆಗೆದ ಕೂಡಲೇ ಅದು ಮೊದಲಿದ್ದ ಜಾಗಕ್ಕೆ ಬಂದು, ನನಗೇನೂ ಗೊತ್ತಿಲ್ಲ ಎನ್ನುವ ಹಾಗೆ ಕೂರುತ್ತದೆ. ಅದರ ಬದಲಿಗೆ ನೆನಪಿಟ್ಟುಕೊಳ್ಳುವುದು ದೀಪ. ದೀಪ ಕೆಟ್ಟುಹೋದರೆ ಕಣ್ಣಿದ್ದವರೂ ದಿಕ್ಕೆಟ್ಟು ನಿಲ್ಲುತ್ತಾರೆ. ಅಂದರೆ ಪಿಟೀಲು, ಕೆಟ್ಟದ್ದು ನಿನ್ನ ಕೈಯಲ್ಲ, ನಮ್ಮ ಸ್ವಿಚ್ಚು. ತಾನು ಯಾವ ಕಡೆಗಿದ್ದೇನೆ ಎಂದು ಮುಟ್ಟಿದವರಿಗೆ ಹೇಳದ ಸ್ವಿಚ್ಚು ಹಾಕಿ, ಮುಟ್ಟಿದವರನ್ನು ಕುರುಡರು ಎಂದರೆ ಹೇಗೆ? ಇದು ಹೊಳೆದ ದಿನ ನಾನು ಚಹಾ ಅರ್ಧಕ್ಕೇ ಬಿಟ್ಟು ಅಂಗಡಿಗೆ ಹೊರಟೆ.

ರೈಲಿನ ಸಾಮಾನಿನ ಅಂಗಡಿಯವನು ನಿನಗೆ ಗೊತ್ತಲ್ಲ, ಪ್ರತಿ ಮಾತಿನ ಕೊನೆಗೂ 'ಅದೇ ಬೆಸ್ಟು' ಎನ್ನುವವನು. ನಾನು ಒಳಗೆ ಕಾಲಿಡುವ ಮೊದಲೇ ಹೊಸ ಮಾದರಿಯ ಮೋಟರು ತೆಗೆದು ಮುಂದಿಟ್ಟ. ನಿಧಾನಕ್ಕೆ, ಬೆಣ್ಣೆ ಜಾರಿದ ಹಾಗೆ ಸರಿಯುತ್ತದೆ. ಸದ್ದೇ ಇಲ್ಲ. 'ಹಳೇದು ಟಕ್ ಟಕ್ ಅಂತ ತಲೆ ಚಿಟ್ಟು ಹಿಡಿಸುತ್ತೆ ಸಾರ್, ಇದು ಹಾಕಿದ್ರೆ ಹಾಕಿದ್ದೂ ಗೊತ್ತಾಗಲ್ಲ, ಅದೇ ಬೆಸ್ಟು' ಎಂದ. ಅದರ ಚಂದ ನೋಡಿ ನಾನೂ ಒಂದು ಗಳಿಗೆ ಮರುಳಾದೆ, ಒಪ್ಪಿಕೊಳ್ಳುತ್ತೇನೆ. ಆಮೇಲೆ ತಲೆಗೆ ಬಂತು: ಹಾಕಿದ್ದೂ ಗೊತ್ತಾಗದಿರುವುದೇ ನಮಗೆ ಬೇಡವಾದದ್ದು! ನೀನು ಪುಟ್ಟವಳಿದ್ದಾಗ ಟೇಬಲ್ಲಿಗೆ ಬೆನ್ನು ಹಾಕಿ ನಿಂತು, 'ಈಗ ಸುರಂಗದ್ದು, ಈಗ ಸೋಮಾರಿ' ಎಂದು ಬರೀ ಸದ್ದಿನಿಂದ ಪಾಯಿಂಟಿನ ಹೆಸರು ಹೇಳುತ್ತಿದ್ದೆಯಲ್ಲ. ನಿಲ್ದಾಣದ ಪಾಯಿಂಟು ಒಂದು ಕ್ಷಣ ತಡಮಾಡಿ ಟಕ್ ಎನ್ನುತ್ತಿದ್ದುದರಿಂದ ನೀನೇ ಅದಕ್ಕೆ ಸೋಮಾರಿ ಎಂದು ಹೆಸರಿಟ್ಟಿದ್ದೆ. ಆ ಸದ್ದನ್ನು ಕಳೆದುಕೊಳ್ಳಲು ನಾನೇನು ಹುಚ್ಚನೇ? ಹಳೆಯ ಮೋಟರೇ ಇರಲಿ, ಸ್ವಿಚ್ಚು ತೋರಿಸು ಎಂದೆ. ಅವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

ಅವನು ಸ್ವಿಚ್ಚಿನ ಡಬ್ಬಿಗಳನ್ನು ಗಲ್ಲಾದ ಮೇಲೆ ಸುರಿದ. ನಾನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಒಂದೊಂದನ್ನೇ ಮುಟ್ಟಿ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಗಿರಾಕಿ ನನ್ನನ್ನು ವಿಚಿತ್ರವಾಗಿ ನೋಡಿರಬೇಕು, ನೋಡಿಕೊಳ್ಳಲಿ. ಜಾರಿಸುವ ಸ್ವಿಚ್ಚು ತೀರ ತೆಳು, ಉಗುರಿಗೆ ಸಿಗುತ್ತದೆ, ಬೆರಳಿಗೆ ಸಿಗುವುದಿಲ್ಲ. ತಿರುಗಿಸುವ ಗುಬುಟು ದುಂಡಗಿದೆ, ಎತ್ತ ತಿರುಗಿದೆ ಎಂದು ಹುಡುಕಬೇಕು. ಲಿವರ್ ಇರುವ ಸ್ವಿಚ್ಚು, ಗಿಡ್ಡ ಬೆಂಕಿಕಡ್ಡಿಯ ಹಾಗೆ ಮೇಲೆ ಎದ್ದು ನಿಲ್ಲುತ್ತದಲ್ಲ, ಅದು ಸರಿಹೋಯಿತು. ಆದರೆ ಅದರಲ್ಲೂ ಮೂರು ಬಗೆ. ಒಂದು, ವಾಲಿಸಿ ಬಿಟ್ಟರೆ ಸ್ಪ್ರಿಂಗಿನಿಂದ ನಡುವಿಗೆ ವಾಪಸ್ ಬರುತ್ತದೆ. ನಮ್ಮ ಮೋಟರಿಗೆ ಎಲ್ಲರೂ ಹಾಕುವುದು ಅದನ್ನೇ, ಅದೇ ಬೆಸ್ಟು ಎಂದ. ಆದರೆ ಅದು ಲಿವರಿನ ವೇಷ ಹಾಕಿದ ಬಟನ್ನೇ, ಅದಕ್ಕೂ ನೆನಪಿಲ್ಲ. ಇನ್ನೊಂದು ಎಡ, ಬಲ, ನಡು ಮೂರು ಕಡೆಯೂ ನಿಲ್ಲುತ್ತದೆ. ಮೂರನೆಯದಕ್ಕೆ ನಡು ಎನ್ನುವುದೇ ಇಲ್ಲ. ಎಡ ಅಂದರೆ ಎಡ, ಬಲ ಅಂದರೆ ಬಲ, ಇಟ್ಟಲ್ಲಿ ಇರುತ್ತದೆ. ನಾನು ಅದನ್ನೇ ತಂದೆ.

ಇಲ್ಲಿ ನಿನ್ನಪ್ಪನ ಸಾಹಸ ಹೇಳಬೇಕು. ನಾನು ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದ್ದೆ. ಅಪ್ಪ ಏಳುವಷ್ಟರಲ್ಲಿ ನಾನೇ ಒಂದು ಜೋಡಿಸಿಬಿಡೋಣ ಎಂದು ಇವನು ಟೇಬಲ್ಲಿನ ಅಡಿ ನುಗ್ಗಿ, ಹೊಸ ಲಿವರನ್ನು ಸೀದಾ ಸೋಮಾರಿಯ ಕಾಯಿಲಿಗೆ ಜೋಡಿಸಿದ್ದಾನೆ. ಆ ಕಾಯಿಲಿಗೆ ಕರೆಂಟು ಬೇಕಾದದ್ದು ಚಿಟಿಕೆ ಹೊಡೆಯುವಷ್ಟು ಹೊತ್ತು. ಬಟನ್ ಇದ್ದಾಗ ಬೆರಳು ತೆಗೆದ ಕೂಡಲೇ ನಿಲ್ಲುತ್ತಿತ್ತು. ಲಿವರ್ ಇಟ್ಟಲ್ಲಿ ಇರುತ್ತದಲ್ಲ, ಕರೆಂಟು ಹರಿಯುತ್ತಲೇ ಇತ್ತು. ನಾನು ಎದ್ದದ್ದು ಹೊಗೆಯ ವಾಸನೆಗೆ. ಇವನು ಪೆಚ್ಚುಮೋರೆ ಹಾಕಿಕೊಂಡು ದಿನಪತ್ರಿಕೆಯಿಂದ ಟೇಬಲ್ಲಿಗೆ ಗಾಳಿ ಹಾಕುತ್ತಿದ್ದಾನೆ. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು 'ಅವಳಿಗೆ ಇಷ್ಟ ಆಗೋ ಸ್ವಿಚ್ ಅಂತ ಅಮ್ಮ ಹೇಳಿದ್ಳು, ಬೇಗ ಆಗ್ಲಿ ಅಂತ ಮಾಡ್ದೆ' ಎಂದುಬಿಟ್ಟ. ಸುಟ್ಟ ಕಾಯಿಲನ್ನು ಬಿಚ್ಚಿ ನಾನೇ ಮತ್ತೆ ತಂತಿ ಸುತ್ತಿದೆ. ಬೆನ್ನು ಹಿಡಿದುಕೊಂಡದ್ದು ಆಗಲೇ. ಈಗ ಅದು ತಡಮಾಡುವುದೇ ಇಲ್ಲ, ಎಲ್ಲರಿಗಿಂತ ಚುರುಕಾಗಿ ಟಕ್ ಎನ್ನುತ್ತದೆ. ಸೋಮಾರಿ ಎನ್ನುವ ಹೆಸರು ಇನ್ನು ಒಪ್ಪುವುದಿಲ್ಲ.

ಲಿವರ್ ನಿಂತಲ್ಲಿ ನಿಂತಿರಬೇಕು, ಕರೆಂಟು ಮಾತ್ರ ಒಂದು ಕ್ಷಣ ಹರಿದು ನಿಲ್ಲಬೇಕು. ಇದಕ್ಕೆ ಔಷಧಿ ಲಿಫ್ಟಿನ ಹಳೆಯ ಸಾಮಾನಿನಲ್ಲೇ ಇತ್ತು: ಕೆಪಾಸಿಟರ್, ಹೆಬ್ಬೆರಳಿನಷ್ಟು ಡಬ್ಬಿ. ಲಿವರನ್ನು ಒಂದು ಕಡೆ ವಾಲಿಸಿದರೆ ಅದು ಹೊಟ್ಟೆ ತುಂಬ ಕರೆಂಟು ಕುಡಿದು ಬಾಯಿ ಮುಚ್ಚುತ್ತದೆ. ಇನ್ನೊಂದು ಕಡೆ ವಾಲಿಸಿದರೆ ಕುಡಿದದ್ದನ್ನೆಲ್ಲ ಹೊರಹಾಕಿ ಸುಮ್ಮನಾಗುತ್ತದೆ. ಕುಡಿಯುವಾಗ ಒಂದು ಕಾಯಿಲ್ ಎಳೆಯುತ್ತದೆ, ಹೊರಹಾಕುವಾಗ ಇನ್ನೊಂದು. ಆಮೇಲೆ ಲಿವರ್ ವಾರಗಟ್ಟಲೆ ವಾಲಿಕೊಂಡಿದ್ದರೂ ಕಾಯಿಲ್ ತಣ್ಣಗಿರುತ್ತದೆ. ಹೀಗೆ ಬೆರಳಿಗೆ ಲಿವರ್, ಕಿವಿಗೆ ಟಕ್. ಎರಡು ಸಾಕ್ಷಿ. ಯಾವ ತಾತನನ್ನೂ ಕೇಳಬೇಕಾಗಿಲ್ಲ.

ಇಷ್ಟು ಮಾಡಿ ನಾನು ಬೀಗಿಕೊಂಡು ಒಂದು ಹಲಗೆ ಮಾಡಿದೆ. ಅಭ್ಯಾಸಬಲ ನೋಡು, ಕೈ ತಾನಾಗಿ ಲಿಫ್ಟಿನ ಹಲಗೆಯನ್ನೇ ಮಾಡಿತು. ಗೋಡೆಗೆ ಹೊಡೆದ ಉದ್ದನೆಯ ಪಟ್ಟಿ, ಅದರಲ್ಲಿ ಮೇಲಿನಿಂದ ಕೆಳಗೆ ಒಂದರ ಕೆಳಗೊಂದು ಲಿವರ್, ನೂಲು ಹಿಡಿದ ಹಾಗೆ ನೇರ. ಪಕ್ಕಕ್ಕೆ ಉಬ್ಬು ಚುಕ್ಕಿ ಅಕ್ಷರ ಅಂಟಿಸಬೇಕು ಎಂದೂ ಇತ್ತು. ಎಷ್ಟೋ ಲಿಫ್ಟುಗಳಲ್ಲಿ ಆ ಚುಕ್ಕಿಪಟ್ಟಿ ಅಂಟಿಸಿದವನು ನಾನು, ಒಂದಕ್ಷರ ಓದಲು ಬಾರದು. ಪರೀಕ್ಷೆ ಮಾಡೋಣ ಎಂದು ಟವೆಲನ್ನು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು ಎಕ್ಸ್‌ಪ್ರೆಸ್ ಬಿಟ್ಟೆ. ಗೋಡೆಯ ಕಡೆ ತಿರುಗಿದರೆ ರೈಲು ನನ್ನ ಬೆನ್ನ ಹಿಂದೆ. ಎಲ್ಲಿದೆ, ಎಷ್ಟು ದೂರದಲ್ಲಿದೆ, ಒಂದೂ ತಿಳಿಯದು. ಮೂರನೆಯ ಲಿವರೋ ನಾಲ್ಕನೆಯದೋ ಎಂದು ತಡಕಾಡಿ ಒಂದನ್ನು ವಾಲಿಸಿದೆ. ನಿಲ್ದಾಣಕ್ಕೆ ಹೋಗಬೇಕಾದ ಎಕ್ಸ್‌ಪ್ರೆಸ್ ಗೂಡ್ಸ್ ಅಂಗಳಕ್ಕೆ ನುಗ್ಗಿ, ಕೊನೆಯಲ್ಲಿದ್ದ ತಡೆಮರ ಕಿತ್ತುಕೊಂಡು, ಟೇಬಲ್ಲಿನಿಂದ ಹಾರಿ ನಿನ್ನ ಅಜ್ಜಿಯ ಬುಟ್ಟಿಗೆ ಬಿತ್ತು. ಟವೆಲ್ ಬಿಚ್ಚಿ ನೋಡಿದರೆ ಎಂಜಿನ್ನು ಅರ್ಧ ಹೊಲಿದ ಕೋಟಿನ ತೋಳಿನೊಳಗೆ ಸೇರಿಕೊಂಡು ಚಕ್ರ ತಿರುಗಿಸುತ್ತಿದೆ. 'ಗಿರಾಕಿ ಕೋಟಿಗೆ ಒಳಜೇಬು ಕೇಳಿದಾರೆ, ಎಂಜಿನ್ ಕೇಳಿಲ್ಲ' ಎಂದಳು ನಿನ್ನ ಅಜ್ಜಿ, ಮಿಷನ್ ನಿಲ್ಲಿಸದೆ.

ನನಗೆ ರೇಗಿತು. ನೀನೇ ಮಾಡಿ ತೋರಿಸು ಹಾಗಾದರೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಅವಳು ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ನನ್ನ ಹಲಗೆ ನೋಡಿದಳು. 'ತಪ್ಪು ಮಾಡಿದ ಮಕ್ಕಳನ್ನ ಗೋಡೆ ಕಡೆ ಮುಖ ಮಾಡಿ ನಿಲ್ಲಿಸ್ತಾರೆ. ಅವಳೇನು ತಪ್ಪು ಮಾಡಿದಾಳೆ?' ಎಂದಳು. ಆಮೇಲೆ ಅವಳು ಮೆತ್ತಗಾಗಿ ಒಂದು ಬಟ್ಟೆಯ ತುಂಡು ತಂದು ನನ್ನ ಕೈಗೆ ಕೊಟ್ಟಳು. ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಪಕ್ಕದಲ್ಲಿ ದಪ್ಪ ದಾರದ ಒಂದು ಹೊಲಿಗೆ. 'ಕಣ್ಣು ಮುಚ್ಚಿ ಹೇಳಿ, ಯಾವುದು ಸಿಗುತ್ತೆ?' ಎಂದಳು. ಕರೆಂಟು ಹೋದಾಗಲೂ ಅವಳು ಹೊಲಿಗೆಯ ಮೇಲೆ ಬೆರಳಾಡಿಸಿ ತಪ್ಪು ಹುಡುಕುವುದನ್ನು ನಾನು ದಿನಾ ನೋಡುತ್ತೇನೆ. ನೋಡಿದ್ದು ತಲೆಯೊಳಗೆ ಇಳಿಯಲು ಎಂಜಿನ್ನು ಕೋಟಿನೊಳಗೆ ನುಗ್ಗಬೇಕಾಯಿತು.

ಗೋಡೆಯ ಹಲಗೆ ಕಿತ್ತು ಸೌದೆಗೆ ಹಾಕಿದೆ. ಈಗ ಟೇಬಲ್ಲಿನ ಮುಂದಂಚಿಗೆ, ಕೂತರೆ ಎರಡು ಕೈಯೂ ತಾನಾಗಿ ಬಂದು ಕೂರುವ ಎತ್ತರದಲ್ಲಿ, ಹೊಸ ಹಲಗೆ ಇದೆ. ಮುಖ ರೈಲಿನ ಕಡೆಗೇ. ಹಲಗೆಯ ಮೇಲೆ ಹಳಿಯ ನಕ್ಷೆಯನ್ನು ದಪ್ಪ ತಾಮ್ರದ ತಂತಿಯಲ್ಲಿ ಕೂರಿಸಿದ್ದೇನೆ. ದೊಡ್ಡ ಸುತ್ತು, ಸುರಂಗದ ದಾರಿ, ಅಂಗಳ, ನಿಲ್ದಾಣ, ಎಲ್ಲ ಇದ್ದ ಹಾಗೆಯೇ, ಅಂಗೈಯಗಲಕ್ಕೆ ಇಳಿಸಿ. ಬೆರಳನ್ನು ತಂತಿಯ ಮೇಲಿಟ್ಟು ಸರಿಸಿಕೊಂಡು ಹೋದರೆ ಕವಲು ಬರುವ ಜಾಗದಲ್ಲಿ ಲಿವರ್ ತಾನಾಗಿ ಬೆರಳಿಗೆ ತಗಲುತ್ತದೆ. ಲಿವರ್ ಯಾವ ತಂತಿಯ ಕಡೆ ವಾಲಿದೆಯೋ ರೈಲು ಆ ಕಡೆ ಹೋಗುತ್ತದೆ. ಎಣಿಸುವುದು ಬೇಡ, ನೆನಪಿಟ್ಟುಕೊಳ್ಳುವುದು ಬೇಡ, ಚುಕ್ಕಿ ಅಕ್ಷರವೂ ಬೇಡ. ತಂತಿಯ ತುದಿಗಳನ್ನೆಲ್ಲ ಅರದಿಂದ ಉಜ್ಜಿ ನುಣುಪು ಮಾಡಿದ್ದೇನೆ, ಬೆರಳು ಕೊಯ್ಯುವುದಿಲ್ಲ. ನಿನ್ನ ಅಜ್ಜಿಯ ಪರೀಕ್ಷೆಯಲ್ಲೂ ಪಾಸಾಯಿತು. ರೇಷ್ಮೆ ಬಟ್ಟೆ ಎಳೆದು ನೋಡಿದಳು, ಎಲ್ಲೂ ನೂಲು ಸಿಕ್ಕಿಕೊಳ್ಳಲಿಲ್ಲ.

ನಿನ್ನೆ ಸಂಜೆ ಮತ್ತೆ ಟವೆಲ್ ಕಟ್ಟಿಕೊಂಡು ಕೂತೆ. ಎಕ್ಸ್‌ಪ್ರೆಸ್ ಎರಡು ಸುತ್ತು ಹಾಕಿತು. ಸುರಂಗದೊಳಗೆ ಹೋದಾಗ ಸದ್ದು ಮಂಕಾಗುತ್ತದೆ, ಹೊರಬಂದಾಗ ಬಿಚ್ಚಿಕೊಳ್ಳುತ್ತದೆ. ಇಷ್ಟು ವರ್ಷ ಇದ್ದೂ ನಾನು ಅದನ್ನು ಗಮನಿಸಿರಲಿಲ್ಲ. ಬೆರಳನ್ನು ತಂತಿಯ ಮೇಲೆ ಸರಿಸುತ್ತ ನಿಲ್ದಾಣದ ಲಿವರ್ ಹುಡುಕಿ ಎಡಕ್ಕೆ ವಾಲಿಸಿದೆ. ಟಕ್. ಆಮೇಲೆ ಚಕ್ರಗಳು ಕವಲು ದಾಟುವ ಗಡಗಡ, ಆಮೇಲೆ ನಿಲ್ದಾಣದ ಮುಂದಿನ ಪುಟ್ಟ ಹಲಗೆ ಸೇತುವೆಯ ಟೊಳ್ಳು ಸದ್ದು. ವೇಗ ಇಳಿಸಿ ನಿಲ್ಲಿಸಿದೆ. ಟವೆಲ್ ಬಿಚ್ಚುವ ಮೊದಲೇ ನನಗೆ ಗೊತ್ತಿತ್ತು ರೈಲು ನಿಲ್ದಾಣದಲ್ಲೇ ಇದೆ ಎಂದು. ಯಾರನ್ನೂ ಕೇಳದೆ ಗೊತ್ತಿತ್ತು. ನಿನ್ನ ಕಷ್ಟವೆಲ್ಲ ಅರ್ಥವಾಯಿತು ಎಂದು ಬರೆಯುವಷ್ಟು ದಡ್ಡ ನಾನಲ್ಲ ಮಗಳೇ. ನನಗೆ ಬಿಚ್ಚಲು ಟವೆಲ್ ಇದೆ, ನಿನಗಿಲ್ಲ. ಆದರೆ ಆ ಒಂದು ಗಳಿಗೆಯ ಖುಷಿ ಮಾತ್ರ ನನ್ನದಲ್ಲ, ನಿನ್ನದು ಅನ್ನಿಸಿತು. ನಿನ್ನ ಕುರ್ಚಿಯಲ್ಲಿ ಕೂತು ನಾನು ಅದನ್ನು ಅನುಭವಿಸಿದ್ದು ಸರಿಯಲ್ಲ ಅನ್ನಿಸಿತು. ನಿನ್ನ ನೆನಪು ಬಹಳ ಆಗುತ್ತದೆ ಪಿಟೀಲು. ಇದನ್ನು ಬರೆಯಬಾರದು ಎಂದು ನಿನ್ನಮ್ಮ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಟೇಬಲ್ಲು ಅಜ್ಜಿಗೆ ಕೊಡುವ ವಿಷಯ ನೀನು ತಲೆಕೆಡಿಸಿಕೊಳ್ಳಬೇಡ. ಅವಳು ಈಗ ಊಟದ ಮೇಜಿನ ಮೇಲೆ ಬಟ್ಟೆ ಕತ್ತರಿಸುತ್ತಾಳೆ, ನಾವು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತೇವೆ, ಅನ್ನದಲ್ಲಿ ಆಗಾಗ ದಾರ ಸಿಗುತ್ತದೆ. ಎಲ್ಲರೂ ಸುಖವಾಗಿದ್ದೇವೆ. ನೀನು ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಊಟ ಮಾಡು, ಗೆಳತಿಯರನ್ನು ಕೇಳಿದೆನೆಂದು ಹೇಳು. ಮೇಡಂ, ಇಷ್ಟುದ್ದ ಓದಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಒಂದು ಲೋಟ ನೀರು ಕುಡಿಯಿರಿ, ಇನ್ನು ಸ್ವಲ್ಪವೇ ಇದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಮಗಳೇ. ಅಜ್ಜಿ, ಅಮ್ಮ, ಅಪ್ಪ ಎಲ್ಲರ ಮುತ್ತೂ ಇದರ ಜೊತೆಗಿದೆ.

ಇಂತು ನಿನ್ನ ಎಕ್ಸ್‌ಪ್ರೆಸ್ಸಿನ ಡ್ರೈವರು,
ತಾತ

ಮರೆತಿದ್ದೆ: ಅಂಚೆ ಕಚೇರಿಗೆ ಹೊರಟಿದ್ದೇನೆ, ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ಪತ್ರದ ಜೊತೆ ಒಂದು ಪೊಟ್ಟಣ ಇದೆ, ಮೇಡಂ ಅದನ್ನು ಪಿಟೀಲು ಕೈಗೇ ಕೊಡಿ, ಅವಳೇ ಬಿಚ್ಚಲಿ. ಅದರೊಳಗಿರುವುದು ಹಲಗೆಯ ಒಂದು ತುಂಡು, ಎರಡು ತಾಮ್ರದ ತಂತಿ, ಒಂದು ಲಿವರ್. ನಿಲ್ದಾಣದ ಪಾಯಿಂಟಿನದು, ಇವತ್ತು ಬೆಳಿಗ್ಗೆ ಬಿಚ್ಚಿ ತೆಗೆದೆ. ಹಲಗೆಯಲ್ಲಿ ಈಗ ಅಲ್ಲೊಂದು ತೂತಿದೆ. ಇದು ವಾಪಸ್ ಬರುವವರೆಗೆ ಯಾವ ರೈಲೂ ನಿಲ್ದಾಣಕ್ಕೆ ಬರುವುದಿಲ್ಲ. ಎಡದ ತಂತಿ ಮನೆಗೆ, ಬಲದ್ದು ಹಾಗೇ ಮುಂದಕ್ಕೆ. ರಜಕ್ಕೆ ಏನು ಮಾಡುತ್ತೀಯೋ ಆ ಕಡೆ ವಾಲಿಸಿ ಕಳಿಸು, ಬಂದ ಹಾಗೇ ಜೋಡಿಸುತ್ತೇನೆ, ಬಲಕ್ಕಿದ್ದರೂ ಒಂದು ಮಾತು ಆಡುವುದಿಲ್ಲ. ನಿನ್ನಮ್ಮನಿಗೆ ಕೊಟ್ಟ ಮಾತು ಮೀರಿಲ್ಲ: ಬಾ ಎಂದಿಲ್ಲ, ಕೇಳಿದ್ದೇನೆ ಅಷ್ಟೇ. ನಡುವೆ ನಿಲ್ಲುವ ಸ್ವಿಚ್ಚೂ ಅಂಗಡಿಯಲ್ಲಿತ್ತು, ಬೇಕೆಂದೇ ತರಲಿಲ್ಲ. ಇದು ಯಾವುದಾದರೂ ಒಂದು ಕಡೆ ವಾಲಿಯೇ ಇರುತ್ತದೆ, ಹಾಗಾಗಿ ನ್ಯಾಯವಾಗಿರಲಿ ಎಂದು ಬಲಕ್ಕೆ ವಾಲಿಸಿ ಇಟ್ಟು ಅಂಟು ತರಲು ಹೋದೆ. ಬರುವಷ್ಟರಲ್ಲಿ ನಿನ್ನ ಅಜ್ಜಿ ಅದನ್ನು ಎಡಕ್ಕೆ ವಾಲಿಸಿ, ಅಂಚೆಯಲ್ಲಿ ಅಲುಗಾಡದಿರಲಿ ಎಂದು ಕೋಟಿನ ದಾರ ಸುತ್ತಿ ಗಂಟು ಹಾಕಿದ್ದಾಳೆ. ಬಿಚ್ಚಲು ನೋಡಿದೆ, ಬರಲಿಲ್ಲ. ಕತ್ತರಿ ಕೇಳಿದೆ, ಕೊಡುವುದಿಲ್ಲವಂತೆ.